ಧಾರವಾಡದ ಕಲೆಕ್ಟರ್ ಥ್ಯಾಕರೆಯ ಮನೆತನ

1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಗುಂಡೇಟಿಗೆ ಬಿದ್ದ ಸೇಂಟ್ ಜಾನ್ ಥ್ಯಾಕರೆ ಧಾರವಾಡದ ಪ್ರಿನ್ಸಿಪಲ್ ಕಲೆಕ್ಟರ್ ಆಗಿದ್ದ, ದಕ್ಷಿಣ ಮರಾಠಾ ಪ್ರಾಂತದ ಪೊಲಿಟಿಕಲ್ ಏಜೆಂಟನೂ ಆಗಿದ್ದ. 1791ರಲ್ಲಿ ಹುಟ್ಟಿದ ಅವನಿಗೆ ಆಗಿನ್ನೂ ನಡುವಯಸ್ಸು ಮುಟ್ಟಿರಲಿಲ್ಲ. ಕನ್ನಡದ ಲಾವಣಿ, ನಾಟಕ, ಪಠ್ಯಪುಸ್ತಕ, ಸಿನಿಮಾಗಳಲ್ಲಿ ಥ್ಯಾಕರೆ ಸಾಹೇಬ ಕಾಣಿಸಿಕೊಳ್ಳುವುದು ಈ ಒಂದು ಪ್ರಸಂಗದಲ್ಲಿ ಮಾತ್ರ. ದರ್ಪದಿಂದ ಕೋಟೆಯ ಬಾಗಿಲಿಗೆ ಬರುತ್ತಾನೆ, ಅಮಟೂರು ಬಾಳಪ್ಪನ ಗುಂಡಿಗೆ ಬಲಿಯಾಗುತ್ತಾನೆ. ಅವನು ಯಾವ ಮನೆಯವನು, ಆ ಮನೆಗೂ ಹಿಂದೂಸ್ತಾನಕ್ಕೂ ಏನು ನಂಟು ಎಂಬುದು ಕಥೆಯಾಚೆ ಉಳಿಯುತ್ತದೆ. ಆ ಮನೆತನದ ಜಾಡು ಹಿಡಿದು ಹೋದರೆ ಕಿತ್ತೂರಿನ ಪ್ರಕರಣವೂ ಬೇರೆ ಬೆಳಕಿನಲ್ಲಿ ಕಾಣುತ್ತದೆ. ಒಂದು ಸಂಸ್ಥಾನದ ದತ್ತಕವನ್ನು ಒಪ್ಪದ ಆ ಅಧಿಕಾರಿಯ ಹಿಂದೆ, ಕಂದಾಯದ ಆಡಳಿತವನ್ನೇ ಮನೆಯ ಕಸುಬಾಗಿ ಮಾಡಿಕೊಂಡಿದ್ದ ಒಂದು ಕುಟುಂಬವಿತ್ತು.

ಥ್ಯಾಕರೆಗಳ ಮೂಲ ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತದ ಹ್ಯಾಂಪ್ಸ್‌ತ್ವೇಟ್ ಎಂಬ ಹಳ್ಳಿ. ಅಲ್ಲಿ ಅವರದು ತಲೆತಲಾಂತರದಿಂದ ಹೊಲಮನೆ ಮಾಡಿಕೊಂಡಿದ್ದ ಸಾಧಾರಣ ಕುಳ. ಊರು ಬಿಟ್ಟು ವಿದ್ಯೆಯ ದಾರಿ ಹಿಡಿದವನು 1693ರಲ್ಲಿ ಹುಟ್ಟಿದ ಥಾಮಸ್ ಥ್ಯಾಕರೆ. ಈಟನ್ ಶಾಲೆಯಲ್ಲೂ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲೂ ಓದಿ ಪಾದ್ರಿಯಾದ ಈತ, 1746ರಿಂದ ಹ್ಯಾರೋ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದು 1760ರಲ್ಲಿ ತೀರಿಕೊಂಡ. ಹದಿನಾರು ಮಕ್ಕಳ ತಂದೆ. ಪಾದ್ರಿಯ ಮನೆಯಲ್ಲಿ ಮರ್ಯಾದೆ ಇತ್ತು, ಆಸ್ತಿ ಇರಲಿಲ್ಲ. ಹಿರಿಯ ಮಕ್ಕಳು ಚರ್ಚು, ವೈದ್ಯಕೀಯ, ಸರಕಾರಿ ಚಾಕರಿ ಎಂದು ಚದುರಿದರು. ಕೊನೆಯ ಮಗ ವಿಲಿಯಂ ಮೇಕ್‌ಪೀಸ್ ಥ್ಯಾಕರೆ 1749ರಲ್ಲಿ ಹುಟ್ಟಿದವನು. ತಂದೆ ಸತ್ತಾಗ ಇನ್ನೂ ಬಾಲಕ. ವಿಧವೆ ತಾಯಿ ಅವನಿಗೆ ಕಂಡುಕೊಟ್ಟ ಅನ್ನದ ದಾರಿ ಈಸ್ಟ್ ಇಂಡಿಯಾ ಕಂಪನಿ. ಕಂಪನಿಯಲ್ಲಿ ಬರಹಗಾರನ ಹುದ್ದೆ, ಅಂದರೆ ಕೆಳಹಂತದ ಗುಮಾಸ್ತಿಕೆ, ಬೇಕೆನ್ನುವ ಹುಡುಗ ಡೈರೆಕ್ಟರೊಬ್ಬನ ಶಿಫಾರಸು ತರಬೇಕಿತ್ತು. ಜೊತೆಗೆ ವ್ಯಾಪಾರಿ ಲೆಕ್ಕಪತ್ರ ಕಲಿತ ಪ್ರಮಾಣಪತ್ರ, ತನ್ನ ಜ್ಞಾನಸ್ನಾನದ ದಾಖಲೆಯನ್ನೂ ಅರ್ಜಿಗೆ ಲಗತ್ತಿಸಬೇಕಿತ್ತು. ಗ್ರೀಕ್, ಲ್ಯಾಟಿನ್ ಕಲಿಸುತ್ತಿದ್ದವನ ಮಗ ಜಮಾ-ಖರ್ಚಿನ ಪಾಠ ಕಲಿತು 1766ರಲ್ಲಿ ಕಲ್ಕತ್ತೆಗೆ ಬಂದಿಳಿದ. ಆಗ ಅವನ ವಯಸ್ಸು ಹದಿನೇಳು.

ಅದು ಪ್ಲಾಸಿ ಕದನದ ಬೆನ್ನಿಗೇ ಬಂದ ಕಾಲ. 1765ರಲ್ಲಿ ಬಂಗಾಳದ ದಿವಾನಿ ಕಂಪನಿಯ ಕೈಸೇರಿತ್ತು. ಕಂಪನಿಯ ನೌಕರನಿಗೆ ಸಂಬಳ ತೀರ ಕಡಿಮೆ. ಸ್ವಂತ ವ್ಯಾಪಾರಕ್ಕೆ ಮಾತ್ರ ಬಾಗಿಲು ತೆರೆದೇ ಇತ್ತು. ಥ್ಯಾಕರೆ 1771ರಲ್ಲಿ ಢಾಕಾಕ್ಕೆ ಹೋದ, ಮರುವರ್ಷ ಸಿಲ್ಹೆಟ್‌ನ ಕಂದಾಯ ಅಧಿಕಾರಿಯಾದ. ಇಂದು ಬಾಂಗ್ಲಾದೇಶದಲ್ಲಿರುವ ಆ ಗುಡ್ಡಗಾಡು ಸೀಮೆಯಲ್ಲಿ ನಾಣ್ಯದ ಚಲಾವಣೆ ಕಡಿಮೆ, ರೈತರು ಕಂದಾಯವನ್ನು ಕವಡೆಯಲ್ಲಿ ಕಟ್ಟುತ್ತಿದ್ದರು. ಕಾಡಿನಲ್ಲಿ ಆನೆಗಳಿದ್ದವು. ಥ್ಯಾಕರೆ ಆನೆ ಹಿಡಿಸಿ ಕಂಪನಿಯ ಸೇನೆಗೇ ಮಾರಿದ. ದಾರಿಯಲ್ಲಿ ಸತ್ತ ಆನೆಗಳ ಹಣ ಯಾರು ಕೊಡಬೇಕು ಎಂಬ ವಿಷಯದಲ್ಲಿ ಕಂಪನಿಯೊಡನೆ ತಕರಾರಾಯಿತು, ಅದು ಕೋರ್ಟಿನವರೆಗೂ ಹೋಯಿತು. ಮನೆಯವರ ನೆನಪಿನಲ್ಲಿ ಅವನು ಉಳಿದದ್ದೇ ‘ಸಿಲ್ಹೆಟ್ ಥ್ಯಾಕರೆ’ ಎಂದು, ಆನೆ ಬೇಟೆಗಾರ ಎಂದು.

ಅವನ ಬೆನ್ನಿಗೆ ಇಬ್ಬರು ಸೋದರಿಯರೂ ಬಂಗಾಳಕ್ಕೆ ಬಂದರು. ಕಂಪನಿಯ ಊರುಗಳಲ್ಲಿ ಇಂಗ್ಲಿಷ್ ಹೆಂಗಸರು ವಿರಳ. ಬಂದವರಿಗೆ ಬೇಗನೆ ಮದುವೆಯಾಗುತ್ತಿತ್ತು. ಹೆನ್ರಿಯೆಟ್ಟಾ ಢಾಕಾದ ಹಿರಿಯ ಅಧಿಕಾರಿ ಜೇಮ್ಸ್ ಹ್ಯಾರಿಸ್‌ನ ಕೈಹಿಡಿದಳು. ಜೇನ್ 1772ರಲ್ಲಿ ಜೇಮ್ಸ್ ರೆನ್ನೆಲ್‌ನನ್ನು ಮದುವೆಯಾದಳು. ಬಂಗಾಳದ ನದಿ, ದಾರಿ, ಗಡಿಗಳನ್ನು ಅಳೆದು ಮೊದಲ ಕ್ರಮಬದ್ಧ ನಕಾಶೆಗಳನ್ನು ಕೊಟ್ಟ ಸರ್ವೇಯರ್ ಜನರಲ್ ಇದೇ ರೆನ್ನೆಲ್. ಥ್ಯಾಕರೆ ತಾನೂ 1776ರ ಜನವರಿ 31ರಂದು ಕಲ್ಕತ್ತೆಯಲ್ಲಿ ಅಮೀಲಿಯಾ ರಿಚ್ಮಂಡ್ ವೆಬ್ ಎಂಬವಳನ್ನು ಮದುವೆಯಾದ. ಅವಳ ಮನೆತನದ ಹೆಮ್ಮೆ 1708ರ ವೈನೆಂಡೇಲ್ ಕಾಳಗ ಗೆದ್ದ ಜನರಲ್ ವೆಬ್. ಮದುವೆಯಾದ ವರ್ಷವೇ ದಂಪತಿ ಇಂಗ್ಲೆಂಡಿಗೆ ಮರಳಿ, ಲಂಡನ್ನಿನ ಉತ್ತರಕ್ಕಿರುವ ಹ್ಯಾಡ್ಲಿ ಎಂಬ ಊರಿನಲ್ಲಿ ನೆಲೆಸಿದರು. ಹತ್ತೇ ವರ್ಷದ ದುಡಿಮೆ ಉಳಿದ ಆಯುಷ್ಯಕ್ಕೆಲ್ಲ ಸಾಕಾಯಿತು. 1813ರಲ್ಲಿ ತೀರಿಕೊಂಡ ಅವನ ಸಮಾಧಿ ಹ್ಯಾಡ್ಲಿಯ ಚರ್ಚಿನ ಅಂಗಳದಲ್ಲಿದೆ.

ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದ ಇಂಗ್ಲಿಷರ ವಂಶ ಹುಡುಕುವವರಿಗೆ ಜಮೀನಿನ ಪತ್ರಗಳೇ ದೊಡ್ಡ ಆಧಾರ. ಹಿಂದೂಸ್ತಾನದ ಲೆಕ್ಕವೇ ಬೇರೆ. ಐರೋಪ್ಯರು ಇಲ್ಲಿ ಮನಬಂದಂತೆ ನೆಲೆಸುವುದು ಕಂಪನಿಗೆ ಬೇಕಿರಲಿಲ್ಲ. ಆ ನಿರ್ಬಂಧ ಸಡಿಲವಾದದ್ದು 1833ರ ಸನದು ಕಾಯಿದೆಯಿಂದ. ಅದಕ್ಕೆ ಮೊದಲು ಇಂಗ್ಲಿಷ್ ಮನೆತನವೊಂದು ಈ ನೆಲದಲ್ಲಿ ಬೇರೂರಿದ್ದು ಹೊಲದಿಂದ ಅಲ್ಲ, ಹುದ್ದೆಯಿಂದ. ತಂದೆಯ ಪರಿಚಯ, ಚಿಕ್ಕಪ್ಪನ ವಶೀಲಿ, ಡೈರೆಕ್ಟರನ ಕೃಪೆ ಇವುಗಳ ಬಲದಿಂದ ಮಗ ಬಂದ, ಮಗನ ನಂತರ ಅಳಿಯ, ಅಳಿಯನ ನಂತರ ಮೊಮ್ಮಗ. ಥ್ಯಾಕರೆಗಳು ಇದಕ್ಕೆ ಅಚ್ಚುಕಟ್ಟಾದ ನಿದರ್ಶನ. ಸಿಲ್ಹೆಟ್ ಥ್ಯಾಕರೆಯ ಏಳು ಗಂಡುಮಕ್ಕಳಲ್ಲಿ ಫ್ರಾನ್ಸಿಸ್ ಒಬ್ಬ ಮಾತ್ರ ಊರಲ್ಲುಳಿದು ಪಾದ್ರಿಯಾದ. ವಿಲಿಯಂ, ರಿಚ್ಮಂಡ್, ವೆಬ್, ಥಾಮಸ್, ಸೇಂಟ್ ಜಾನ್, ಚಾರ್ಲ್ಸ್, ಈ ಆರು ಮಂದಿಯೂ ಹಿಂದೂಸ್ತಾನದ ದಾರಿ ಹಿಡಿದರು. ಎಮಿಲಿ ಎಂಬ ಮಗಳು ಬಂಗಾಳದ ಸಿವಿಲ್ ಅಧಿಕಾರಿ ಜಾನ್ ಟಾಲ್ಬಟ್ ಶೇಕ್ಸ್‌ಪಿಯರ್‌ನನ್ನು ಮದುವೆಯಾಗಿ ಆ ಮನೆಯನ್ನೂ ಇದೇ ಬಳಗಕ್ಕೆ ಸೇರಿಸಿದಳು.

ಆ ಮನೆ ಕಂಡ ಸಾವುಗಳ ಸರಣಿ ಓದುವಾಗ ಯಾರಿಗಾದರೂ ಮನಸ್ಸು ಭಾರವಾಗುತ್ತದೆ. ಮದ್ರಾಸ್ ಸೇವೆಯಲ್ಲಿದ್ದ ವೆಬ್ 1807ರಲ್ಲಿ ಹೋದ. ಬಂಗಾಳದ ಪದಾತಿ ದಳದಲ್ಲಿದ್ದ ಥಾಮಸ್ 1814ರ ಡಿಸೆಂಬರಿನಲ್ಲಿ ಗೂರ್ಖಾ ಯುದ್ಧದ ಜೈತಕ್ ಕಾಳಗದಲ್ಲಿ ಸತ್ತ. ಇಪ್ಪತ್ನಾಲ್ಕು ಪರಗಣಗಳ ಕಲೆಕ್ಟರ್ ಆಗಿದ್ದ ರಿಚ್ಮಂಡ್ 1815ರ ಸೆಪ್ಟೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ. 1823ರಲ್ಲಿ ವಿಲಿಯಂ, 1824ರಲ್ಲಿ ಸೇಂಟ್ ಜಾನ್. ಹದಿನೇಳು ವರ್ಷಗಳ ಅಂತರದಲ್ಲಿ ಐವರು. ಕಲ್ಕತ್ತೆಯಲ್ಲಿ ವಕೀಲನಾಗಿದ್ದ ಚಾರ್ಲ್ಸ್ ಒಬ್ಬನೇ 1846ರವರೆಗೆ ಬದುಕಿದ.

ಇವರಲ್ಲಿ ಕನ್ನಡ ನಾಡಿಗೆ ಮೊದಲು ಕಾಲಿಟ್ಟವನು ಹಿರಿಯ ಮಗ ವಿಲಿಯಂ. ಸೇಂಟ್ ಜಾನ್ ಥ್ಯಾಕರೆಯನ್ನು ಅರ್ಥ ಮಾಡಿಕೊಳ್ಳಬೇಕೆನ್ನುವವರು ಈ ಅಣ್ಣನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲ ಎಂದು ಹೆಸರಾದ ಆ ಪ್ರದೇಶದ ಕಲೆಕ್ಟರ್ ಆಗಿ ಥಾಮಸ್ ಮನ್ರೋ ಬಂದ. ಅವನ ಕೈಕೆಳಗಿನ ಸಹಾಯಕರಲ್ಲಿ ವಿಲಿಯಂ ಥ್ಯಾಕರೆ ಒಬ್ಬ. ಹೊಲ ಹೊಲ ಅಳೆದು, ಒಬ್ಬೊಬ್ಬ ರೈತನೊಡನೆ ನೇರವಾಗಿ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿಗೆ ಅಲ್ಲಿ ರೂಪ ಬಂತು. ಪಾಳೆಯಗಾರರ ಬಲ ಮುರಿದದ್ದೂ ಅದೇ ಕಾಲದಲ್ಲಿ. ಬಂಗಾಳದಲ್ಲಿ ಕಾರ್ನ್‌ವಾಲಿಸ್ ಜಮೀನುದಾರರೊಡನೆ ಶಾಶ್ವತ ಒಪ್ಪಂದ ಮಾಡಿದ್ದ. ಮದ್ರಾಸಿನಲ್ಲೂ ಹಾಗೇ ಆಗಬೇಕೆಂಬ ಒತ್ತಡವಿತ್ತು. ಈ ವಾದ ಕಾವೇರಿದಾಗ ಮದ್ರಾಸ್ ಸರಕಾರದ ಕಡೆಯಿಂದ ಮಲಬಾರ, ಕೆನರಾ, ದತ್ತ ಮಂಡಲಗಳನ್ನು ಸುತ್ತಿ ನೋಡಿ 1807ರಲ್ಲಿ ವರದಿ ಬರೆದವನು ವಿಲಿಯಂ ಥ್ಯಾಕರೆ. ಬ್ರಿಟಿಷ್ ಪಾರ್ಲಿಮೆಂಟಿಗೆ 1812ರಲ್ಲಿ ಸಲ್ಲಿಕೆಯಾದ ಪ್ರಸಿದ್ಧ ಐದನೇ ವರದಿಯ ಅನುಬಂಧದಲ್ಲಿ ಅದು ಅಚ್ಚಾಗಿದೆ.

ಆ ವರದಿಯ ಸಾರವನ್ನು ಇವತ್ತು ಓದಿದರೂ ಬೆಚ್ಚಬೇಕು. ರೈತನಿಗೂ ಸರಕಾರಕ್ಕೂ ನಡುವೆ ಯಾರೂ ಇರಬಾರದು ಎಂಬುದು ಅವನ ವಾದ. ಇಂಗ್ಲೆಂಡಿನಲ್ಲಿ ಭೂಮಾಲೀಕ ವರ್ಗ ಇರುವುದು ಒಳ್ಳೆಯದೇ. ಆ ಸಿರಿವಂತಿಕೆಯಿಂದ ರಾಜ್ಯ ನಡೆಸುವವರು, ಪಂಡಿತರು, ಯೋಧರು ಹುಟ್ಟುತ್ತಾರೆ. ಆದರೆ ಹಿಂದೂಸ್ತಾನದಲ್ಲಿ ದೊಡ್ಡ ಆಸ್ತಿಯಿಂದ ಬರುವ ಆ ಸ್ವಾಭಿಮಾನ, ಸ್ವತಂತ್ರ ಬುದ್ಧಿ ಕಂಪನಿಯ ಆಳ್ವಿಕೆಗೆ ಅಪಾಯ, ಅದನ್ನು ಅದುಮಿಡಬೇಕು ಎಂದು ಅವನು ಮುಚ್ಚುಮರೆಯಿಲ್ಲದೆ ಬರೆದ. ರೈತವಾರಿ ಎಂದರೆ ಬಡ ರೈತನ ಮೇಲಿನ ಕರುಣೆಯ ಫಲ ಎಂದಷ್ಟೇ ಹೇಳುವ ಪುಸ್ತಕಗಳು ಈ ಮಾತಿಗೆ ಸಲ್ಲಬೇಕಾದ ಜಾಗ ಕೊಡಬೇಕು. ಕನ್ನಡ ನೆಲವನ್ನು ಕಣ್ಣಾರೆ ಕಂಡೇ ಕಟ್ಟಿದ ವಾದವಿದು. ಕಿತ್ತೂರಿನ ಗುಂಡು ಹಾರುವುದಕ್ಕೆ ಹದಿನೇಳು ವರ್ಷ ಮೊದಲೇ ಥ್ಯಾಕರೆ ಮನೆತನದ ಹಿರಿಯ ಮಗ, ದೇಸಾಯಿ, ಪಾಳೆಯಗಾರ, ಜಹಗೀರುದಾರ ಎಂಬ ಇಡೀ ವರ್ಗದ ಬಗ್ಗೆ ತನ್ನ ತೀರ್ಪು ಬರೆದಿಟ್ಟಿದ್ದ.

ದತ್ತ ಮಂಡಲದ ಈ ಬಳಗವೇ ಮುಂದೆ ಧಾರವಾಡಕ್ಕೆ ಬಂತು. 1817ರ ಕೊನೆಯಲ್ಲಿ ಪೇಶ್ವೆ ಎರಡನೆಯ ಬಾಜೀರಾಯನೊಡನೆ ಯುದ್ಧ ಶುರುವಾದಾಗ ಮನ್ರೋ ಧಾರವಾಡದ ಸೀಮೆಯಲ್ಲಿದ್ದ. ಕೈಯಲ್ಲಿದ್ದ ಸಣ್ಣ ಪಡೆಯ ಜೊತೆಗೆ ಸ್ಥಳೀಯ ಪೇದೆಗಳನ್ನು ಕೂಡಿಸಿಕೊಂಡು ನವಲಗುಂದ, ಗದಗ, ಡಂಬಳ, ಹುಬ್ಬಳ್ಳಿಗಳನ್ನು ಒಂದೊಂದಾಗಿ ಹಿಡಿದು ಬಾದಾಮಿಯವರೆಗೆ ನುಗ್ಗಿದ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿಯಿತು. ಈ ಸೀಮೆ ಮುಂಬಯಿ ಸರಕಾರದ ಕಡೆಗೆ ಸೇರಿದ್ದರೂ ಆಡಳಿತಕ್ಕೆ ಬಂದವರು ಮದ್ರಾಸ್ ಸೇವೆಯವರು. ಕನ್ನಡ ಸೀಮೆಯ ಕಂದಾಯ ಬಲ್ಲವರು ಅಲ್ಲಿದ್ದರು. ಮನ್ರೋನ ನಂತರ ಬಂದ ವಿಲಿಯಂ ಚಾಪ್ಲಿನ್ ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದವನೇ. ಚಾಪ್ಲಿನ್ ಬಡ್ತಿ ಪಡೆದು ದಖ್ಖನ್ನಿನ ಕಮಿಷನರ್ ಆಗಿ ಪುಣೆಗೆ ಹೋದ ಮೇಲೆ ಧಾರವಾಡದ ಅಧಿಕಾರ ಮದ್ರಾಸ್ ಸಿವಿಲ್ ಸೇವೆಯ ಸೇಂಟ್ ಜಾನ್ ಥ್ಯಾಕರೆಗೆ ಬಂತು. ಕುಟುಂಬದ ದಾಖಲೆ ಹುಡುಕುವವರನ್ನು ದಾರಿ ತಪ್ಪಿಸುವ ವಿಷಯವೂ ಇದೇ. ಸತ್ತದ್ದು ಮುಂಬಯಿ ಸರಕಾರದ ಸೀಮೆಯಲ್ಲಿ, ಸೇವಾವಿವರ ಇರುವುದು ಮದ್ರಾಸಿನ ಪಟ್ಟಿಯಲ್ಲಿ.

ತಂದೆಯ ಕಾಲಕ್ಕೂ ಮಗನ ಕಾಲಕ್ಕೂ ನಡುವೆ ಕಂಪನಿಯ ನೌಕರಿಯ ಗುಣವೇ ಬದಲಾಗಿತ್ತು. ಕಾರ್ನ್‌ವಾಲಿಸ್ ಅಧಿಕಾರಿಗಳ ಖಾಸಗಿ ವ್ಯಾಪಾರ ನಿಲ್ಲಿಸಿ ಸಂಬಳ ಏರಿಸಿದ್ದ. ಸಿಲ್ಹೆಟ್ ಥ್ಯಾಕರೆ ಆನೆ ಮಾರಿ ಗಳಿಸಿ ಮನೆಗೆ ಮರಳಿದ; ಅವನ ಮಗ ಸಂಬಳದ ಮೇಲೆ ನಿಂತ ಅಧಿಕಾರಿ. ಕಂದಾಯ, ನ್ಯಾಯ, ಪೊಲೀಸ್, ಸಂಸ್ಥಾನಗಳ ಉಸ್ತುವಾರಿ ಎಲ್ಲ ಅವನದೇ. ಸಾವಂತವಾಡಿಯ ಗಡಿಯಿಂದ ತುಂಗಭದ್ರೆಯ ಕಡೆಗೆ ಹರಡಿದ ಸೀಮೆಯಲ್ಲಿ ಸಣ್ಣಪುಟ್ಟ ದೇಸಗತಿಗಳು, ಪಟವರ್ಧನರ ಸಂಸ್ಥಾನಗಳು, ಸವಣೂರಿನ ನವಾಬಿ ಎಲ್ಲ ಇದ್ದವು. ಅವುಗಳ ನಡುವೆ ಧಾರವಾಡದಿಂದ ಬೆಳಗಾವಿಗೆ ಹೋಗುವ ದಾರಿಯ ಮೇಲೆ, ಸುಮಾರು ಮೂವತ್ತು ಕಿಲೋಮೀಟರ್ ದೂರದಲ್ಲಿ ಕಿತ್ತೂರು. ಪೇಶ್ವೆಯ ಸೆರೆಯಲ್ಲಿ ನರಳಿ 1816ರಲ್ಲಿ ತೀರಿಕೊಂಡ ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ 1818ರ ಯುದ್ಧದಲ್ಲಿ ಕಂಪನಿಗೆ ನೆರವಾಗಿದ್ದ. ವರ್ಷಕ್ಕೆ 1,75,000 ರೂಪಾಯಿ ಕಟ್ಟುವ ಕರಾರಿನ ಮೇಲೆ ಅವನಿಗೆ ಸನದು ಸಿಕ್ಕಿತ್ತು.

1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮೊದಲು ಮಾಸ್ತಮರಡಿಯ ಗೌಡರ ಹುಡುಗ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡ ಸುದ್ದಿಯ ಪತ್ರ ಧಾರವಾಡ ಮುಟ್ಟುವ ಹೊತ್ತಿಗೆ ದೇಸಾಯಿ ಬದುಕಿರಲಿಲ್ಲ. ಪತ್ರದ ಸಹಿ ಅವನದಲ್ಲ ಎಂದು ಥ್ಯಾಕರೆ ಶಂಕಿಸಿದ. ಸರಕಾರದ ಒಪ್ಪಿಗೆಯಿಲ್ಲದ ದತ್ತಕ ಸಲ್ಲದು ಎಂದ. ಕೊಣ್ಣೂರು ಮಲ್ಲಪ್ಪ, ಹಾವೇರಿ ವೆಂಕಟರಾಯರನ್ನು ಆಡಳಿತಕ್ಕೆ ನೇಮಿಸಿ, ಸಂಸ್ಥಾನದ ಖಜಾನೆಗೆ ಮೊಹರು ಹಾಕಿಸಿ ಕಾವಲಿಟ್ಟ. ಮಲ್ಲಸರ್ಜನ ರಾಣಿ ಚೆನ್ನಮ್ಮ ಇದಕ್ಕೆ ತಲೆಬಾಗಲಿಲ್ಲ. ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೂ ಕಮಿಷನರ್ ಚಾಪ್ಲಿನ್‌ಗೂ ಅಹವಾಲು ಹೋದವು. ಅಕ್ಟೋಬರಿನ ಮೂರನೆಯ ವಾರ ಥ್ಯಾಕರೆ ಕಿತ್ತೂರಿಗೇ ಬಂದು ಬೀಡುಬಿಟ್ಟ. ಕೋಟೆಯೊಳಗಿನ ಹಣ, ಒಡವೆಗಳ ಜವಾಬ್ದಾರಿ ಹೊರುವ ಮುಚ್ಚಳಿಕೆ ಬರೆದುಕೊಡಿರೆಂದು ಸಂಸ್ಥಾನದ ಪ್ರಮುಖರನ್ನು ಒತ್ತಾಯಿಸಿದ. 23ರಂದು ಕೋಟೆಯ ಬಾಗಿಲು ಮುಚ್ಚಿತ್ತು. ತೆರೆಸಲು ಫಿರಂಗಿ ತರಿಸಿದ. ಬಾಗಿಲು ಒಮ್ಮೆಗೇ ತೆರೆದು ಸಂಸ್ಥಾನದ ಸರದಾರ ಗುರುಸಿದ್ದಪ್ಪನ ನೇತೃತ್ವದ ಪಡೆ ಹೊರನುಗ್ಗಿತು. ಥ್ಯಾಕರೆ, ಕ್ಯಾಪ್ಟನ್ ಬ್ಲ್ಯಾಕ್, ಲೆಫ್ಟಿನೆಂಟ್ ಡೈಟನ್ ಸತ್ತರು. ಲೆಫ್ಟಿನೆಂಟ್ ಸೀವೆಲ್ ಗಾಯದಿಂದ ಉಳಿಯಲಿಲ್ಲ. ಸಹಾಯಕ ಅಧಿಕಾರಿಗಳಾದ ಸ್ಟೀವನ್ಸನ್ ಮತ್ತು ವಾಲ್ಟರ್ ಎಲಿಯಟ್ ಸೆರೆಸಿಕ್ಕರು.

ಥ್ಯಾಕರೆ ಅವಸರದ ಮನುಷ್ಯ, ಸ್ಥಳೀಯರ ಮಾತು ಕೇಳಿ ಕೆಟ್ಟ ಎಂದು ಆಗಿನ ಇಂಗ್ಲಿಷ್ ಅಧಿಕಾರಿಗಳೂ ಆಮೇಲಿನ ಬರಹಗಾರರೂ ದೋಷವನ್ನು ಅವನೊಬ್ಬನ ಸ್ವಭಾವಕ್ಕೆ ಕಟ್ಟಿದ್ದುಂಟು. ಸ್ವಭಾವದ ಪಾಲು ಇದ್ದಿರಬಹುದು. ಆದರೆ ಅಣ್ಣನ ವರದಿಯನ್ನೂ ತಮ್ಮನ ನಡೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸ್ವಭಾವದ ಮಾತು ಸಾಲದು ಎನಿಸುತ್ತದೆ. ಸರಕಾರಕ್ಕೂ ರೈತನಿಗೂ ನಡುವೆ ನಿಂತ ದೇಸಾಯಿ ಮನೆ ಇರಲೇಬೇಕೆಂಬ ಅಗತ್ಯ ಈ ಅಧಿಕಾರಿಗಳಿಗೆ ಕಾಣುತ್ತಿರಲಿಲ್ಲ. ಸಂತಾನವಿಲ್ಲದ ಸಾವು ಅದನ್ನು ತೆಗೆದುಹಾಕಲು ಒದಗಿಬಂದ ಅವಕಾಶವಾಗಿತ್ತು. ಡಾಲ್‌ಹೌಸಿಯ ಹೆಸರಿಗೆ ಅಂಟಿದ ದತ್ತಕ ನಿರಾಕರಣೆಯ ನೀತಿ ಜಾರಿಗೆ ಬಂದದ್ದು 1848ರ ನಂತರ. ಕಿತ್ತೂರು ಅದನ್ನು ಕಾಲು ಶತಮಾನ ಮೊದಲೇ ಕಂಡಿತು, ಎದುರಿಸಿತು.

ಮುಂದಿನ ಕಥೆ ಕನ್ನಡ ಓದುಗರಿಗೆ ಗೊತ್ತಿರುವುದೇ. ನವೆಂಬರ್ ಕೊನೆಗೆ ದೊಡ್ಡ ಸೇನೆ ಬಂದು ಮುತ್ತಿಗೆ ಹಾಕಿತು. ಡಿಸೆಂಬರ್ 2ರಂದು ರಾಣಿ ಇಬ್ಬರು ಸೆರೆಯಾಳುಗಳನ್ನು ಬಿಟ್ಟುಕೊಟ್ಟಳು. 5ರಂದು ಕೋಟೆ ಬಿತ್ತು. ಈ ಮುತ್ತಿಗೆಯಲ್ಲಿ ಸೋಲಾಪುರದ ಸಬ್ ಕಲೆಕ್ಟರ್ ಮನ್ರೋ ಸತ್ತ. ಆಗ ಮದ್ರಾಸಿನ ಗವರ್ನರ್ ಆಗಿದ್ದ ಸರ್ ಥಾಮಸ್ ಮನ್ರೋನ ಬಂಧುವೇ ಅವನು. ದತ್ತ ಮಂಡಲದ ಆಡಳಿತದಲ್ಲಿ ಜೊತೆಗೆ ಕೆಲಸ ಮಾಡಿದ್ದ ಇಬ್ಬರ ಮನೆಯವರು, ಒಬ್ಬನ ತಮ್ಮ, ಇನ್ನೊಬ್ಬನ ನೆಂಟ, ಆರೇ ವಾರಗಳ ಅಂತರದಲ್ಲಿ ಒಂದೇ ಕೋಟೆಯೆದುರು ಬಿದ್ದರು. ಕಂಪನಿಯ ಆಡಳಿತ ಎಷ್ಟು ಕಡಿಮೆ ಮನೆಗಳ ಕೈಯಲ್ಲಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಡ. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ತೀರಿಕೊಂಡಳು. ದತ್ತುಪುತ್ರನ ಹೆಸರಿನಲ್ಲಿ ಮತ್ತೆ ಹೋರಾಟಕ್ಕಿಳಿದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಸೆರೆಯಿಂದ ಬಿಡುಗಡೆಯಾದ ವಾಲ್ಟರ್ ಎಲಿಯಟ್‌ನ ದಾರಿ ಥ್ಯಾಕರೆಯದಕ್ಕಿಂತ ಪೂರ್ತಿ ಬೇರೆ. 1803ರಲ್ಲಿ ಹುಟ್ಟಿದ ಈತ ಸ್ಕಾಟ್ಲೆಂಡಿನ ವುಲ್ಫ್‌ಲೀ ಎಂಬಲ್ಲಿನ ಜಮೀನುದಾರರ ಮನೆಯವನು. ಸುಮಾರು ಆರು ವಾರ ಕಿತ್ತೂರಿನವರ ಕೈಯಲ್ಲಿದ್ದ, ಜೀವಕ್ಕೆ ಅಪಾಯವಾಗಲಿಲ್ಲ. ಆಮೇಲೆ 1833ರವರೆಗೂ ಈ ಸೀಮೆಯಲ್ಲೇ ಉಳಿದು, ಕುದುರೆಯ ಮೇಲೆ ಊರೂರು ತಿರುಗಿ ಶಾಸನಗಳ ಪ್ರತಿ ತೆಗೆಸಿದ. ‘ಕರ್ನಾಟಕ ದೇಶ ಇನ್ಸ್ಕ್ರಿಪ್ಷನ್ಸ್’ ಎಂಬ ಅವನ ಕೈಬರಹದ ಸಂಪುಟಗಳಲ್ಲಿ 595 ಶಾಸನಗಳಿವೆ. ಚಾಲುಕ್ಯ, ಕಳಚುರಿ, ಯಾದವ ಅರಸರ ವಂಶಾವಳಿಗೆ ಶಾಸನಗಳ ಆಧಾರದ ಮೊದಲ ಚೌಕಟ್ಟು ಸಿಕ್ಕದ್ದು 1830ರ ದಶಕದಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಅವನ ಲೇಖನದಿಂದ. ಈ ಸೀಮೆಯ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದ. ಪೇಶ್ವೆಯ ಕಾಲದಿಂದ ಕಚೇರಿ, ಶಾಲೆಗಳಲ್ಲಿ ಮರಾಠಿಯೇ ನಡೆದುಬಂದಿದ್ದ ಧಾರವಾಡದಲ್ಲಿ ಜನರ ಮಾತು ಕನ್ನಡವೆಂದು ಗುರುತಿಸಿ ಕನ್ನಡ ಶಾಲೆಗೆ ಕೈಹಾಕಿದವರಲ್ಲಿ ಅವನ ಹೆಸರು ಮುಂದಿದೆ. 1887ರಲ್ಲಿ ವುಲ್ಫ್‌ಲೀಯಲ್ಲಿ ಸತ್ತ. ಎಲಿಯಟ್‌ನೂ ಕಂಪನಿಯ ಅಧಿಕಾರಿಯೇ, ಕಂದಾಯ ವಸೂಲಿಗೆ ಬಂದವನೇ. ಆದರೂ ಹಿಡಿದಿಟ್ಟ ನಾಡಿನ ಕಲ್ಲುಗಳನ್ನು ಓದಲು ಕೂತ ಅವನ ಶ್ರಮಕ್ಕೆ ಕನ್ನಡಿಗರ ಕೃತಜ್ಞತೆ ಸಲ್ಲಬೇಕು.

ಕಿತ್ತೂರಿನ ಸುದ್ದಿ ಇಂಗ್ಲೆಂಡಿಗೆ ಮುಟ್ಟುವ ಹೊತ್ತಿಗೆ ಥ್ಯಾಕರೆ ಮನೆಯ ಒಬ್ಬ ಹುಡುಗ ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಯಲ್ಲಿ ಓದುತ್ತಿದ್ದ. ರಿಚ್ಮಂಡ್‌ನ ಮಗ, ಸೇಂಟ್ ಜಾನ್‌ನ ಅಣ್ಣನ ಮಗ, ಅಜ್ಜನ ಹೆಸರನ್ನೇ ಹೊತ್ತ ವಿಲಿಯಂ ಮೇಕ್‌ಪೀಸ್ ಥ್ಯಾಕರೆ. 1811ರ ಜುಲೈ 18ರಂದು ಕಲ್ಕತ್ತೆಯಲ್ಲಿ ಹುಟ್ಟಿ, ನಾಲ್ಕನೇ ವಯಸ್ಸಿಗೆ ತಂದೆಯನ್ನು ಕಳೆದುಕೊಂಡು, ಹಡಗು ಹತ್ತಿ ಊರಿಗೆ ಹೋದ ಈ ಹುಡುಗ ಮುಂದೆ ‘ವ್ಯಾನಿಟಿ ಫೇರ್’ ಬರೆದ ಕಾದಂಬರಿಕಾರನಾದ. ಆ ಕಾದಂಬರಿಯ ಜೋಸ್ ಸೆಡ್ಲಿ ಬಂಗಾಳದ ಒಂದು ಕಲ್ಪಿತ ಜಿಲ್ಲೆಯ ಕಲೆಕ್ಟರ್: ತಿಂಡಿಪೋತ, ಅಂಜುಬುರುಕ, ಬಡಾಯಿಗಾರ. ತಂದೆ, ದೊಡ್ಡಪ್ಪ, ಕೆಲವು ಚಿಕ್ಕಪ್ಪಂದಿರು ಕಂಪನಿಯ ಅಧಿಕಾರಿಗಳಾಗಿ ಸತ್ತ ಮನೆಯಿಂದ ಅಂಥ ಪಾತ್ರ ಬಂದದ್ದು ಗಮನಿಸಬೇಕಾದ ಸಂಗತಿ. ‘ದಿ ನ್ಯೂಕಮ್ಸ್’ ಕಾದಂಬರಿಯ ಕರ್ನಲ್ ನ್ಯೂಕಮ್‌ನಲ್ಲಿ ಹಿಂದೂಸ್ತಾನದಿಂದ ಮರಳಿದ ಸಜ್ಜನ ಸೈನಿಕನೊಬ್ಬನನ್ನೂ ಅವನೇ ಚಿತ್ರಿಸಿದ. ಅದಕ್ಕೆ ಮಾದರಿ ಅವನ ಮಲತಂದೆ ಮೇಜರ್ ಕಾರ್ಮೈಕಲ್ ಸ್ಮಿತ್. ಮಹಾರಾಷ್ಟ್ರದ ಠಾಕ್ರೆಯವರಿಗೂ ಈ ಮನೆಗೂ ರಕ್ತಸಂಬಂಧವೇನೂ ಇಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬಹುದು.

ಇಂಥ ಮನೆತನಗಳ ವಂಶವೃಕ್ಷ ಬರೆಯುವವರು ಬಹುಕಾಲ ಒಂದು ಕೊಂಬೆಯನ್ನು ಬಿಟ್ಟೇ ಬರೆದರು. ರಿಚ್ಮಂಡ್‌ಗೆ ಮದುವೆಗೆ ಮೊದಲು ಕಲ್ಕತ್ತೆಯ ಮಿಶ್ರಮೂಲದ ಹೆಣ್ಣೊಬ್ಬಳಿಂದ ಸೇರಾ ಎಂಬ ಮಗಳಿದ್ದಳು. ತನ್ನ ಮರಣಪತ್ರದಲ್ಲಿ ಅವನು ತಾಯಿ-ಮಗಳಿಬ್ಬರಿಗೂ ಜೀವನಾಂಶ ಬಿಟ್ಟಿದ್ದ. ಕಾದಂಬರಿಕಾರನಿಗೆ ಈ ಅಕ್ಕ ಇರುವುದು ತಿಳಿದಿತ್ತು. ಕಂಪನಿಯ ಅಧಿಕಾರಿಗಳ ಮರಣಪತ್ರಗಳಲ್ಲಿ ಇಂಥ ಹೆಣ್ಣುಗಳ, ಮಕ್ಕಳ ಹೆಸರು ಒಂದೆರಡು ಸಾಲಿನಲ್ಲಿ ಬಂದುಹೋಗುತ್ತದೆ. ಚರ್ಚಿನ ಪುಸ್ತಕದಲ್ಲಿ ತಾಯಿಯ ಜಾಗ ಖಾಲಿ ಇರುವುದೇ ಹೆಚ್ಚು. ವಂಶ ಹುಡುಕುವವರು ಮದುವೆಯ ದಾಖಲೆಗಳಷ್ಟೇ ಶ್ರದ್ಧೆಯಿಂದ ಮರಣಪತ್ರಗಳನ್ನೂ ಓದಬೇಕಾದದ್ದು ಇದಕ್ಕೇ.

ಧಾರವಾಡದ ಕಲೆಕ್ಟರನ ಹೆಸರು ಮನೆಯಲ್ಲಿ ಮತ್ತೆ ಕೇಳಿಬಂತು. ಪಾದ್ರಿ ಫ್ರಾನ್ಸಿಸ್ 1832ರಲ್ಲಿ ಹುಟ್ಟಿದ ಮಗನಿಗೆ ಫ್ರಾನ್ಸಿಸ್ ಸೇಂಟ್ ಜಾನ್ ಎಂದು ಹೆಸರಿಟ್ಟ. ಅವನು ಈಟನ್ ಶಾಲೆಯ ಮೇಷ್ಟ್ರಾದ. ಇದೇ ಪಾದ್ರಿಯ ಇನ್ನೊಬ್ಬ ಮಗ ಎಡ್ವರ್ಡ್ ಟಾಲ್ಬಟ್ ಥ್ಯಾಕರೆ ಬಂಗಾಳದ ಎಂಜಿನಿಯರ್ ದಳ ಸೇರಿ, 1857ರ ಸೆಪ್ಟೆಂಬರಿನಲ್ಲಿ ದಿಲ್ಲಿಯ ಮದ್ದಿನ ಮನೆಯಲ್ಲಿ ಹತ್ತಿದ ಬೆಂಕಿ ಆರಿಸಿದ್ದಕ್ಕೆ ವಿಕ್ಟೋರಿಯಾ ಕ್ರಾಸ್ ಪಡೆದ. ಎಮಿಲಿಯ ಮಗ ರಿಚ್ಮಂಡ್ ಶೇಕ್ಸ್‌ಪಿಯರ್ 1840ರಲ್ಲಿ ಮಧ್ಯ ಏಷ್ಯಾದ ಖೀವಾದಿಂದ ರಷ್ಯನ್ ಗುಲಾಮರನ್ನು ಬಿಡಿಸಿ ತಂದವನು. ಶಾರ್ಲಟ್ ಎಂಬ ಮಗಳ ಮಗ ವಿಲಿಯಂ ರಿಚ್ಚಿ ಕಲ್ಕತ್ತೆಯಲ್ಲಿ ಅಡ್ವೊಕೇಟ್ ಜನರಲ್ ಆದ. ಅವನ ಮಗ ಸರ್ ರಿಚ್ಮಂಡ್ ರಿಚ್ಚಿ ಕಾದಂಬರಿಕಾರನ ಮಗಳು ಆನ್‌ಳನ್ನು ಮದುವೆಯಾಗಿ, ಲಂಡನ್ನಿನ ಇಂಡಿಯಾ ಆಫೀಸಿನ ಅತ್ಯುಚ್ಚ ಕಾಯಂ ಅಧಿಕಾರಿಯಾಗಿದ್ದು 1912ರಲ್ಲಿ ತೀರಿಕೊಂಡ. 1766ರ ಗುಮಾಸ್ತನಿಂದ ಅಲ್ಲಿಗೆ ಸುಮಾರು ಒಂದೂವರೆ ಶತಮಾನ.

ಈ ಕಥೆಯ ಎಳೆಗಳು ಒಂದೇ ಕಡೆ ಸಿಗುವುದಿಲ್ಲ. ಮನೆಯವರೇ ಆದ ಜೇನ್ ಟೌನ್ಲಿ ಪ್ರೈಮ್ ಮತ್ತು ಅಲಿಸಿಯಾ ಬೇನ್ 1879ರಲ್ಲಿ ಥ್ಯಾಕರೆ ಕುಟುಂಬದ ಸ್ಮರಣಿಕೆಗಳನ್ನು ಸಂಗ್ರಹಿಸಿದರು. ವಿಲಿಯಂ ವಿಲ್ಸನ್ ಹಂಟರ್ 1897ರಲ್ಲಿ ಹಿಂದೂಸ್ತಾನದ ಥ್ಯಾಕರೆಗಳ ಬಗ್ಗೆಯೇ ಪುಸ್ತಕ ಬರೆದ. ಎರಡೂ ಪ್ರೀತಿಯಿಂದ ಬರೆದವು; ಸಿಲ್ಹೆಟ್‌ನ ರೈತನಾಗಲಿ ಕಿತ್ತೂರಿನ ಸಿಪಾಯಿಯಾಗಲಿ ಏನು ಕಂಡ ಎಂಬುದು ಅಲ್ಲಿ ಹುಡುಕಿದರೂ ಸಿಗದು. ಬರಹಗಾರ ಹುದ್ದೆಯ ಅರ್ಜಿಗಳು, ಮೂರೂ ಪ್ರೆಸಿಡೆನ್ಸಿಗಳಿಂದ ಲಂಡನ್ನಿಗೆ ಹೋದ ಜ್ಞಾನಸ್ನಾನ, ಮದುವೆ, ಶವಸಂಸ್ಕಾರಗಳ ಪ್ರತಿಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ವಿಭಾಗದಲ್ಲಿವೆ. ಹಳೆಯ ಐರೋಪ್ಯ ಸ್ಮಶಾನಗಳ ಬರಹಗಳನ್ನು ದಾಖಲಿಸಲೆಂದೇ 1976ರಲ್ಲಿ ಬ್ರಿಟನ್ನಿನಲ್ಲಿ ಒಂದು ಸಂಘ ಹುಟ್ಟಿತು. ಥ್ಯಾಕರೆ ಮತ್ತು ಅವನೊಡನೆ ಸತ್ತವರ ಸ್ಮಾರಕ ಧಾರವಾಡದಲ್ಲೇ ಇದೆ.

ಎದುರು ಪಕ್ಷದ ದಾಖಲೆ ಮೋಡಿ ಲಿಪಿಯ ಕಾಗದಗಳಲ್ಲಿ, ಕೈಫಿಯತ್ತುಗಳಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಹಾಡುಗಳಲ್ಲಿದೆ. ಅವುಗಳಲ್ಲಿ ಕೆಲವು ಅಚ್ಚಿಗೆ ಬಂದದ್ದು ಇನ್ನೊಬ್ಬ ಇಂಗ್ಲಿಷ್ ಅಧಿಕಾರಿಯಿಂದ. 1872ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣಾಧಿಕಾರಿಯಾಗಿ ಬಂದ ಜಾನ್ ಫೇತ್‌ಫುಲ್ ಫ್ಲೀಟ್ ಶಾಸನಗಳ ಜೊತೆಗೆ ಲಾವಣಿಗಳನ್ನೂ ಕೇಳಿ ಬರೆದುಕೊಂಡ. ಸಂಗೊಳ್ಳಿ ರಾಯಣ್ಣನ ದಂಗೆ, ಹಲಗಲಿಯ ಬೇಡರ ದಂಗೆಯ ಹಾಡುಗಳು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡ ಪಾಠ ಮತ್ತು ಇಂಗ್ಲಿಷ್ ಅನುವಾದದೊಡನೆ ಪ್ರಕಟವಾದವು.